ಅಕ್ಕಿಯೊಳಗಿನ ಆರು ತೋಟೆ

ಆಗಷ್ಟೇ ಹಾರಿಸಿದ ಕೋವಿಯ ತೋಟೆಗೆ ಒಂದು ವಾಸನೆ ಇರುತ್ತದೆ. ಮೊದಲು ಗಂಧಕ, ಆಮೇಲೆ ಬಿಸಿಯಾದ ರಟ್ಟು, ಕೊನೆಗೆ ಹಿತ್ತಾಳೆ. ಬೋಜಮ್ಮ ಆರೇಳು ವರ್ಷದ ಹುಡುಗಿಯಾಗಿದ್ದಾಗ ಅದು ಅವಳ ಪಾಲಿಗೆ ಹಬ್ಬದ ವಾಸನೆ. ಕೊಡವರ ಆಯುಧದ ಹಬ್ಬವಾದ ಕೈಲ್ ಪೊಳ್ದಿನ ದಿನ ಮನೆಯ ಕೋವಿಗೆ ಹೂವು ಮುಡಿಸಿ, ಪೂಜೆ ಮಾಡಿ, ಊಟ ಮುಗಿಸಿದ ಗಂಡಸರು ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಿದ್ದರು. ಕಾಯಿ ಬಿತ್ತೋ ಇಲ್ಲವೋ, ಮಕ್ಕಳಿಗೆ ಅದರ ಗೊಡವೆಯಿಲ್ಲ. ಅವರ ಕಣ್ಣೆಲ್ಲ ಹುಲ್ಲಿನ ಮೇಲೆ ಬೀಳುವ ಕೆಂಪು ಕೊಳವೆಗಳ ಮೇಲೆ. ಬಿಸಿ ಆರುವ ಮುಂಚೆ ಹೆಕ್ಕಿಕೊಂಡು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಎಳೆದುಕೊಳ್ಳಬೇಕು. ಆಮೇಲೆ ಒಂದೊಂದು ಬೆರಳಿಗೆ ಒಂದೊಂದು ಟೊಪ್ಪಿ.

ಎಪ್ಪತ್ತಾರರ ಬೋಜಮ್ಮನಿಗೆ ಆ ವಾಸನೆ ಮತ್ತೆ ಮೂಗಿಗೆ ಬಡಿದಂತಾದದ್ದು ಆಗಸ್ಟ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ, ಗೇಟಿನ ಬಳಿ ಹಸಿ ಕಸದ ಹಸಿರು ಬಕೆಟ್ ಹಿಡಿದು ನಿಂತಿದ್ದಾಗ. ಹಬ್ಬವೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಕಸದ ಗಾಡಿಯ ಹೊಸ ಡ್ರೈವರ್ ಒಂದು ಸುದ್ದಿ ಹೇಳಿದ್ದ, ಅಷ್ಟೆ.

ಚೆಟ್ಟಳ್ಳಿಯಿಂದ ನಾಲ್ಕೈದು ಮೈಲಿ ಒಳಗಿರುವ ಮಾವಿನಕೊಲ್ಲಿಗೆ ಪಂಚಾಯತಿಯ ಕಸದ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ. ಎರಡು ವರ್ಷದಿಂದ ಅದನ್ನು ಓಡಿಸುತ್ತಿದ್ದವಳು ಪ್ರೇಮಾವತಿ. ನಲವತ್ತೊಂದನೇ ವಯಸ್ಸಿನವರೆಗೆ ಎಸ್ಟೇಟಿನಲ್ಲಿ ಕಾಫಿ ಕುಯ್ದು, ಆಮೇಲೆ ಮಹಿಳಾ ಸಂಘದವರು ಕೊಡಿಸಿದ ಒಂದು ತಿಂಗಳ ತರಬೇತಿಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದವಳು. ತಿರುವಿನಲ್ಲಿ ಅವಳು ಹಾರ್ನ್ ಹೊಡೆಯುವ ರೀತಿಯಿಂದಲೇ ಜನ ಬಕೆಟ್ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಆ ವಾರ ಮಂಗಳವಾರ ಗಾಡಿ ಬಂದಿರಲಿಲ್ಲ. ಶುಕ್ರವಾರ ಬಂದದ್ದು ಯಾರೋ ಬೇರೆಯವನು, ಮಿಲನ್ ಅಂತ ಹೆಸರು.

"ಪ್ರೇಮಾವತಿ ಎಲ್ಲಿ? ಹುಷಾರಿಲ್ಲವಾ?"

"ಹುಷಾರಿಗೆ ಎಂತ ಆಗಿದೆ, ಗಟ್ಟಿ ಇದ್ದಾರೆ. ಅವ್ರನ್ನ ನಿಲ್ಸಿದ್ದಾರಲ್ಲ ಅಮ್ಮ. ನಾನು ಪಕ್ಕದ ಪಂಚಾಯ್ತಿಯವ. ಎರಡು ದಿವ್ಸಕ್ಕೆ ಅಂತ ಕರೆಸಿ ಈಗ ಎರಡು ಕಡೆ ಕಸವೂ ನನ್ನ ತಲೆ ಮೇಲೆ!"

"ನಿಲ್ಲಿಸಿದ್ದು ಯಾಕೆ?"

ಮಿಲನ್ ಇಂಜಿನ್ ಆಫ್ ಮಾಡಿದ. ಇಷ್ಟು ಒಳ್ಳೆಯ ಸುದ್ದಿಯನ್ನು ಇಂಜಿನ್ ಶಬ್ದದಲ್ಲಿ ಹಾಳುಮಾಡಲು ಅವನಿಗೆ ಮನಸ್ಸಿರಲಿಲ್ಲ. "ಹಸಿ ಕಸದಲ್ಲಿ ತೋಟೆ ಸಿಕ್ಕಿತು. ಒಂದಲ್ಲ, ಆರು! ಹಾಳಾದ ಅಕ್ಕಿ ಮುದ್ದೆ ಒಳಗೆ, ಕಡುಬಿಗೆ ಹೂರಣ ತುಂಬಿದ ಹಾಗೆ. ಕಸ ಕತ್ತರಿಸೋ ಮಿಷನ್‌ಗೆ ಹಾಕ್ಬೇಕು ಅನ್ನುವಾಗ ಆ ಅಕ್ಕನ ಕಣ್ಣಿಗೆ ಹಿತ್ತಾಳೆ ಹೊಳೀತಂತೆ. ಹೊಳೀದೇ ಇದ್ದಿದ್ರೆ ಅವ್ರ ಕೈಯೂ ಇರ್ತಿರ್ಲಿಲ್ಲ, ಮಿಷನ್ನೂ ಇರ್ತಿರ್ಲಿಲ್ಲ. ಯಾವ ಮನೇದು ಕೇಳಿದ್ರೆ ಗೊತ್ತಿಲ್ಲ ಅಂತಾರೆ. ಸೋಮವಾರ ಮೀಟಿಂಗ್. ಅವತ್ತು ಗಾಡಿ ಅವ್ರ ಕೈಯಿಂದ ತೆಗೀತಾರಂತೆ."

ಅಕ್ಕಿ ಎಂಬ ಮಾತು ಕೇಳಿದ್ದೇ ಬೋಜಮ್ಮನ ಕೈಯಲ್ಲಿದ್ದ ಬಕೆಟ್ ಭಾರವಾಯಿತು.

ನಡೆದದ್ದು ಇಷ್ಟು. ಪಂಚಾಯತಿ ಹೊಸ ನಿಯಮ ಮಾಡಿ, ನಾಲ್ಕು ಪುಟದ ಕರಪತ್ರ ಹಂಚಿತ್ತು. ಹಸಿ ಕಸ ಬೇರೆ, ಒಣ ಕಸ ಬೇರೆ, ಡಯಾಪರ್ ಮುಂತಾದವು ಬೇರೆ, ಅಪಾಯಕಾರಿ ಕಸ ಬೇರೆ. ಬಹುಪಾಲು ಮನೆಗಳಲ್ಲಿ ಆ ಕರಪತ್ರದ ಮೇಲೆ ಮೀನು ಸ್ವಚ್ಛ ಮಾಡಿದರು. ಬೋಜಮ್ಮ ಮಾತ್ರ ಪೆನ್ಸಿಲ್ ಹಿಡಿದು ಎರಡು ಸಲ ಓದಿದಳು. ಮಡಿಕೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರದ ಬೀಜ ವಿಭಾಗದಲ್ಲಿ ಮೂವತ್ತೊಂದು ವರ್ಷ ಪೊಟ್ಟಣಗಳಿಗೆ ಚೀಟಿ ಬರೆದು ಅಂಟಿಸಿದವಳು ಅವಳು. ತಳಿ ಯಾವುದು, ತಾರೀಖು ಯಾವುದು, ಯಾರಿಗೆ ಹೋಗಬೇಕು. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಉಪ್ಪಿನಕಾಯಿ ಭರಣಿಗೆ ಚೀಟಿ, ಕರಿಮೆಣಸಿನ ಡಬ್ಬಕ್ಕೆ ಚೀಟಿ, ಎಸೆಯುವ ಒಡೆದ ಲೋಟಕ್ಕೂ ಚೀಟಿ. "ಮಾವಿ, ನಾನು ಒಂದೇ ಕಡೆ ಹತ್ತು ನಿಮಿಷ ನಿಂತರೆ ನನ್ನ ಬೆನ್ನಿಗೂ ಅಂಟಿಸ್ತೀರಿ," ಎಂದು ಸೊಸೆ ಚಿತ್ರಾ ನಗುತ್ತಿದ್ದಳು.

ಕರಪತ್ರ ಓದಿದ ಹುರುಪಿನಲ್ಲಿ ಅತ್ತೆ ಸೊಸೆ ಸೇರಿ ಅಡುಗೆಮನೆಯ ಅಟ್ಟ ಖಾಲಿ ಮಾಡಿದರು. ಅಲ್ಲಿ ಹಳೆಯ ಹಾಲಿನ ಪುಡಿಯ ಡಬ್ಬವೊಂದಿತ್ತು. ಮೇಲೆ ಚೀಟಿ ಇಲ್ಲ. ಮುಚ್ಚಳ ತೆಗೆದರೆ ಕಪ್ಪಗಾದ ಅಕ್ಕಿ, ಹುಳ, ಬೂಸಲು. ಬೋಜಮ್ಮ ಡಬ್ಬವನ್ನು ಬೋರಲು ಹಾಕಿ ತಳಕ್ಕೆ ನಾಲ್ಕು ಏಟು ಕೊಟ್ಟಳು. ಮುದ್ದೆ ಇಡಿಯಾಗಿ ಹಸಿರು ಬಕೆಟ್‌ಗೆ ಬಿತ್ತು. ಡಬ್ಬ ತೊಳೆದು ಒಣ ಕಸಕ್ಕೆ ಇಟ್ಟಳು. ಮುದ್ದೆ ತುಸು ಭಾರವೆನಿಸಿತ್ತು. ಎಷ್ಟೋ ಮಳೆಗಾಲ ಕುಡಿದ ಅಕ್ಕಿ, ಭಾರ ಇರದೆ ಮತ್ತೇನು ಎಂದುಕೊಂಡಿದ್ದಳು.

ಕೊಡಗಿನ ಮಳೆಗೆ ರಟ್ಟಿನ ತೋಟೆ ಊದಿಕೊಳ್ಳುತ್ತದೆ. ಊದಿದ್ದು ಕೋವಿಯ ನಳಿಗೆಗೆ ಹೋಗುವುದಿಲ್ಲ. ಅದಕ್ಕೇ ಅವಳ ಗಂಡ ಪೂವಯ್ಯ ಪ್ರತಿ ಮೇ ತಿಂಗಳಲ್ಲಿ ತೋಟೆಗಳನ್ನು ಒಣ ಅಕ್ಕಿಯಲ್ಲಿ ಹೂತು, ಒಲೆಯ ಬಿಸಿ ತಾಗುವ ಹಾಗೆ ಅಟ್ಟದ ಮೇಲೆ ಇಡುತ್ತಿದ್ದ. ಅಕ್ಕಿ ತೇವ ಎಳೆದುಕೊಳ್ಳುತ್ತದೆ ಎಂದು ಅವನ ಲೆಕ್ಕ. ಅಕ್ಕಿ ಅಳೆದು ಕೊಡುತ್ತಿದ್ದವಳು ಬೋಜಮ್ಮನೇ. ಅವನು ಹೋಗಿ ಹನ್ನೊಂದು ವರ್ಷವಾಗಿತ್ತು. ಒಲೆಯ ಜಾಗಕ್ಕೆ ಗ್ಯಾಸ್ ಬಂದಿತ್ತು. ಊರಿಗೆಲ್ಲ ಚೀಟಿ ಬರೆದವಳು ಆ ಒಂದು ಡಬ್ಬಕ್ಕೆ ಬರೆದಿರಲಿಲ್ಲ.

ಅವತ್ತು ರಾತ್ರಿ ಊಟದ ಹೊತ್ತಿಗೆ ಮಗ ಜಯಪ್ರಕಾಶನಿಗೆ ವಿಷಯ ಹೇಳಿದಳು. ಅವನು ಪಾಲಿಬೆಟ್ಟದ ಕಡೆಯ ಎಸ್ಟೇಟ್ ಒಂದರಲ್ಲಿ ರೈಟರ್. ಕೂಲಿಯವರ ಹಾಜರಿ, ಗೊಬ್ಬರ, ಜಗಳ ಎಲ್ಲ ನೋಡಿ ಸಾಕಾಗಿ ಮನೆಗೆ ಬರುವವನು.

"ಅವ್ವ, ನೀನು ಸುಮ್ಮನೆ ಕೂರು. ಈ ದಾರಿಯಲ್ಲಿ ನಲವತ್ತು ಮನೆ ಇದೆ. ಯಾರದ್ದು ಅಂತ ಯಾರಿಗೆ ಗೊತ್ತಾಗುತ್ತೆ?"

"ಪ್ರೇಮಾವತಿಗೆ ಗೊತ್ತು."

"ಗೊತ್ತಿದ್ದರೆ ಹೇಳಿ ಬಚಾವಾಗ್ತಿದ್ದಳು."

"ಗೊತ್ತು. ಬಕೆಟ್ ಕೊಡುವಾಗ ನಾನೇ ಅವಳಿಗೆ ಅಕ್ಕಿ ತೋರಿಸಿ ಬೇಜಾರು ಮಾಡಿಕೊಂಡಿದ್ದೆ. ಗೊತ್ತಿದ್ದೂ ಹೇಳಲಿಲ್ಲ ಅವಳು."

ಜಯಪ್ರಕಾಶ ಗೋಡೆಯ ಕಡೆ ನೋಡಿದ. ಅಲ್ಲಿ ಅವನ ಅಜ್ಜನ ಕಾಲದ ಕೋವಿ ತೂಗುತ್ತಿತ್ತು. "ಪೊಲೀಸರು ಬಂದರೆ ಮೊದಲು ಕೈ ಹಾಕೋದು ಅದಕ್ಕೆ. ವಿಚಾರಣೆ ಮುಗಿಯೋವರೆಗೆ ಸ್ಟೇಷನ್‌ನಲ್ಲಿ ಇಡಿ ಅಂತಾರೆ. ಮುಂದಿನ ತಿಂಗಳು ಕೈಲ್ ಪೊಳ್ದ್. ಖಾಲಿ ಮೊಳೆಗೆ ಹೂ ಮುಡಿಸೋದಾ?"

ಬೋಜಮ್ಮನಿಗೂ ಅದೇ ಭಯ. ಮದುವೆಯಾಗಿ ಬಂದ ದಿನದಿಂದ ಆ ಗೋಡೆ ಒಂದು ದಿನವೂ ಬರಿದಾಗಿರಲಿಲ್ಲ. ಚಿತ್ರಾ ತಟ್ಟೆ ಎತ್ತುತ್ತಾ, ಯಾರಿಗೂ ಅಲ್ಲದ ಹಾಗೆ, "ಕೋವಿ ಹೋದರೆ ಬರುತ್ತೆ. ಆ ಗಾಡಿ ಹೋದರೆ ಅವಳಿಗೆ ಬರುತ್ತಾ?" ಅಂದಳು. ಮರುದಿನ ಬೆಳಿಗ್ಗೆ ಹಳೆಯ ಓಮ್ನಿಯ ಬಾಗಿಲು ತೆಗೆದು, ಅತ್ತೆ ಹತ್ತಲೆಂದು ಒಂದು ಸ್ಟೂಲ್ ಇಟ್ಟು ಕಾಯುತ್ತಾ ನಿಂತಿದ್ದಳು. ಎಲ್ಲಿಗೆ ಎಂದು ಕೇಳಲೂ ಇಲ್ಲ.

ಪ್ರೇಮಾವತಿಯ ಮನೆ ಎಸ್ಟೇಟ್ ಕೂಲಿಯವರ ಲೈನ್‌ಮನೆಗಳ ಸಾಲಿನಲ್ಲಿ ಕೊನೆಯದು. ಬಾಗಿಲ ಪಕ್ಕದ ಮೊಳೆಗೆ ಪಂಚಾಯತಿಯ ಹಸಿರು ಕೋಟು ತೂಗುತ್ತಿತ್ತು. ತೊಳೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ. ವಾಪಸ್ ಕೊಡಲು ಸಿದ್ಧಮಾಡಿ ಇಟ್ಟ ಹಾಗಿತ್ತು.

"ಅಯ್ಯೋ ಅಮ್ಮ, ಈ ಮಳೆಗೆ ನೀವು ಯಾಕೆ ಬಂದದ್ದು? ಕೆಸರು ನೋಡಿ, ಜಾರ್ತದೆ."

"ನನ್ನನ್ನು ಬಿಡು. ನೀನು ಯಾಕೆ ಹೇಳಲಿಲ್ಲ?"

"ಎಂತ ಹೇಳುದು?"

"ಪ್ರೇಮಾ."

ಪ್ರೇಮಾವತಿ ಮಣೆ ತಂದು ಹಾಕಿದಳು. ತಾನು ಹೊಸ್ತಿಲ ಮೇಲೆ ಕೂತಳು. ಆಮೇಲೆ ಎರಡು ಕೈಯನ್ನೂ ಮುಂದೆ ಚಾಚಿ, ಮಗು ಉಗುರು ತೋರಿಸುವ ಹಾಗೆ ಬೋಜಮ್ಮನ ಮುಂದೆ ಹಿಡಿದಳು.

"ಇದು ನೋಡಿ, ಬ್ಲೇಡು. ಇದು ಟ್ಯೂಬ್‌ಲೈಟ್. ಈ ಉದ್ದದ್ದು ಬೀರ್ ಬಾಟ್ಲಿ, ಹೋಮ್‌ಸ್ಟೇದು. ಇಲ್ಲಿ ಚುಕ್ಕಿ ಕಾಣ್ತದಲ್ಲ, ಸಿರಿಂಜು. ಅದಕ್ಕೆ ನಾನು ಎಷ್ಟು ಇಂಜೆಕ್ಷನ್ ಚುಚ್ಚಿಸ್ಕೊಂಡೆ, ಎಷ್ಟು ದಿವ್ಸ ನಿದ್ದೆ ಇಲ್ಲ, ದೇವರಿಗೇ ಗೊತ್ತು. ಯಾವುದು ಯಾವ ಮನೇದು ಅಂತ ಬೇಕಾದ್ರೆ ಹೇಳ್ತೇನೆ. ನಿಮ್ಮ ಮನೇದು ಇದ್ರಲ್ಲಿ ಒಂದೂ ಇಲ್ಲ."

"ಅದಕ್ಕೆ?"

"ಒಡೆದ ಗಾಜು ಪೇಪರ್‌ನಲ್ಲಿ ಸುತ್ತಿ ಮೇಲೆ ಬರೀತೀರಲ್ಲ, 'ಗಾಜು, ಕೈ ಜೋಪಾನ' ಅಂತ. ನಾನು ಓದಿದ್ದು ಏಳನೇ ಕ್ಲಾಸು. ಓದು ಬಿಟ್ಟ ಮೇಲೆ ನನಗೆ ಅಂತ ಯಾರಾದ್ರೂ ಏನಾದ್ರೂ ಬರ್ದಿದ್ದು ಅದೇ ಮೊದ್ಲು." ಅವಳು ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಅಂಥ ಮನೆ ಹೆಸರು ಪೊಲೀಸರ ಬಾಯಿಗೆ ಹಾಕ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಪುನಃ ಕಾಫಿ ಕುಯ್ಲಿಕ್ಕೆ ಹೋದ್ರಾಯ್ತು. ಗಾಡಿ ಓಡಿಸುವಾಗ ಒಂದು ಖುಷಿ ಇತ್ತು, ಅಷ್ಟೆ."

'ಅಷ್ಟೆ' ಎನ್ನುವಾಗ ಅವಳ ಕಣ್ಣು ಹಸಿರು ಕೋಟಿನ ಕಡೆಗೆ ಹೋಯಿತು. ಬೋಜಮ್ಮ ಎದ್ದಳು.

"ಸೋಮವಾರ ಆ ಕೋಟು ಹಾಕಿಕೊಂಡು ಪಂಚಾಯತಿಗೆ ಬಾ," ಎಂದಳು.

ಸೋಮವಾರ ಮೀಟಿಂಗ್ ಶುರುವಾಗುವ ಒಂದು ಗಂಟೆ ಮುಂಚೆಯೇ ಅವಳು ಪಿಡಿಒ ಚಿದಾನಂದರ ಮೇಜಿನ ಎದುರು ಕೂತಿದ್ದಳು. ಪಂಚಾಯತಿಯ ಅಭಿವೃದ್ಧಿ ಅಧಿಕಾರಿಯಾದ ಚಿದಾನಂದ ಶನಿವಾರಸಂತೆ ಕಡೆಯವರು, ಮಾತು ಮೃದು, ಯಾರನ್ನೂ ನೋಯಿಸಲಾರದೆ ಎಲ್ಲರಿಗೂ ಹೂಂ ಅನ್ನುವ ಸ್ವಭಾವ.

"ಆ ತೋಟೆ ನನ್ನದು," ಎಂದಳು ಬೋಜಮ್ಮ.

ಚಿದಾನಂದ ಎದ್ದು ಬಾಗಿಲು ಹಾಕಿ ಬಂದರು. "ಅವ್ವಾ, ವಸಿ ಮೆಲ್ಲಗೆ. ನಿಮ್ಮನ್ನ ಯಾರೂ ಕೇಳಿಲ್ವಲ್ಲ. ನೀವಾಗೇ ಬಂದು ಯಾಕ್ ಹೇಳ್ತೀರಿ? ಲೈನ್‌ಮನೆಯೋರು ಯಾರೋ ಹಂದಿ ಹೊಡೆಯಕ್ಕೆ ಮಡಿಕಂಡಿದ್ರು ಅಂತ ಮೆಂಬರ್‌ಗಳು ಮಾತಾಡ್ಕತಾವ್ರೆ. ಪ್ರೇಮಾವತೀನ ಬದಲಾಯ್ಸಿ ಇಷ್ಟಕ್ಕೆ ಮುಗಿಸ್ಬಿಡಾನ ಅಂತವ್ರೆ."

"ಇಷ್ಟಕ್ಕೆ ಅಂದರೆ ಅವಳ ಅನ್ನಕ್ಕೆ ಕಲ್ಲು ಹಾಕಿ."

ಚಿದಾನಂದರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಬೋಜಮ್ಮ ಚೀಲದಿಂದ ಕರಪತ್ರ ತೆಗೆದು, ಪೆನ್ಸಿಲ್ ಗೆರೆ ಎಳೆದ ಮೂರನೇ ಪುಟವನ್ನು ಅವರ ಕಡೆಗೆ ತಿರುಗಿಸಿದಳು.

"ಓದಿ. ಬೇರ್ಪಡಿಸದೆ ಕೊಟ್ಟ ಕಸದ ಹೊಣೆ ಆ ಮನೆಯವರದ್ದು. ದಂಡ ಮನೆಯವರಿಗೆ. ಗಾಡಿ ಓಡಿಸುವವರನ್ನು ತೆಗೆಯಬೇಕು ಅಂತ ಎಲ್ಲಿ ಬರೆದಿದೆ ತೋರಿಸಿ."

"ಇದನ್ನ ಪೂರ್ತಿ ಓದಿದೀರಾ ಅವ್ವಾ?"

"ನೀವು?"

"ನಾನು..." ಚಿದಾನಂದ ಫ್ಯಾನ್ ಕಡೆ ನೋಡಿದರು. "ಸೈನ್ ಹಾಕಿದೀನಿ."

ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಅವರು ಹೂಂ ಅನ್ನದೆ, ಫೋನ್ ಎತ್ತಿ ಸ್ಟೇಷನ್ನಿಗೆ ಮಾಡಿದರು.

ಎಎಸ್‌ಐ ಕಲ್ಲೇಶಪ್ಪ ಜೀಪಿನಲ್ಲಿ ಬಂದರು. ದಾವಣಗೆರೆ ಕಡೆಯ ದೊಡ್ಡ ಆಳು, ದೊಡ್ಡ ದನಿ. ಪ್ಲಾಸ್ಟಿಕ್ ಕವರಿನಲ್ಲಿದ್ದ ಆರು ತೋಟೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಕೆಂಪು ಬಣ್ಣ ಹೋಗಿ, ರಟ್ಟು ಊದಿ, ಒಂದೊಂದೂ ಬಸುರಿಯ ಹಾಗಿತ್ತು.

"ಅಜ್ಜಿ, ಬ್ಯಾಟಿಗೇನಾದ್ರೂ ಹೋಗ್ತೀರೇನ್ರೀ?"

"ನನ್ನ ಮೊಣಕಾಲಿಗೆ ನಮ್ಮ ಮನೆ ಮೆಟ್ಟಿಲು ಹತ್ತೋದೇ ಬೇಟೆ ಆಗಿದೆ."

ಕಲ್ಲೇಶಪ್ಪನವರ ಮೀಸೆ ಅಲುಗಿತು. ಅವರು ಅಕ್ಕಿಯ ಕಥೆಯನ್ನು ಮೊದಲಿಂದ ಕೇಳಿದರು. ಗಂಡನ ಹೆಸರು, ಕೋವಿ ಈಗ ಯಾರ ಹೆಸರಿನಲ್ಲಿದೆ, ಕೊಡವರಿಗೆ ಕೋವಿ ಲೈಸೆನ್ಸಿನಿಂದ ಕೊಡುವ ವಿನಾಯಿತಿಯ ಪತ್ರ ಎಲ್ಲಿದೆ, ಎಲ್ಲ ಬರೆದುಕೊಂಡರು. ಕೊನೆಗೆ, "ಕೋವಿ ತಂದು ಸ್ಟೇಷನ್ನಿನ್ಯಾಗ ಇಡಬೇಕಾಗ್ತದ. ಕಾಗದ ಮಡಿಕೇರಿಗೆ ಹೋಗಿ ಬರಬೇಕು," ಎಂದರು.

"ಹಬ್ಬದ ಒಳಗೆ?"

"ಸುಳ್ಳ್ಯಾಕ ಹೇಳ್ಲಿ? ಗ್ಯಾರಂಟಿ ಇಲ್ಲ."

ಮಗನ ಮುಖ ಬೋಜಮ್ಮನ ಕಣ್ಣ ಮುಂದೆ ಬಂತು. ಕಿಟಕಿಯಾಚೆ, ಪಂಚಾಯತಿಯ ಜಗಲಿಯ ತುದಿಯಲ್ಲಿ, ಇಸ್ತ್ರಿ ಮಾಡಿದ ಹಸಿರು ಕೋಟು ತೊಟ್ಟು ಪ್ರೇಮಾವತಿ ನಿಂತಿದ್ದಳು. ಒಳಗೆ ಬರಲೋ ಬೇಡವೋ ಎಂಬ ಹಾಗೆ.

"ಆಯ್ತು, ಮಗ ತಂದು ಕೊಡ್ತಾನೆ," ಎಂದಳು ಬೋಜಮ್ಮ.

ಕಲ್ಲೇಶಪ್ಪ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. "ಅಜ್ಜಿ, ನಾ ಈ ಜಿಲ್ಲೆಗೆ ಬಂದು ಒಂಬತ್ತು ವರ್ಷ ಆತು. ಹಳೇ ತೋಟೆ ಅದಾವ ಅಂತ ತಾನಾಗೇ ಬಂದು ಹೇಳಿದವರನ್ನ ನಾ ನೋಡಿಲ್ಲ. ಹೆದರಿ ಹೊಳಿಗೆ ಹಾಕ್ತಾರ, ಗಿಡದ ಬುಡಕ್ಕ ಹುಗೀತಾರ. ಆಮ್ಯಾಲೆ ಕೂಲಿಯವರ ಗುದ್ದಲಿ ಬೀಳೋದು ಅದರ ಮ್ಯಾಲೇ." ಅವರು ಚಿದಾನಂದರ ಕಡೆ ತಿರುಗಿದರು. "ನಿಮ್ಮ ಅಪಾಯಕಾರಿ ಕಸದ ಪಟ್ಟ್ಯಾಗ ಏನೇನೈತ್ರೀ?"

ಚಿದಾನಂದ ಈಗ ಕರಪತ್ರ ಓದಿದರು. "ಪೇಂಟ್ ಡಬ್ಬ, ಬ್ಯಾಟರಿ, ಟ್ಯೂಬ್‌ಲೈಟು, ಥರ್ಮಾಮೀಟರ್, ಹಳೇ ಮಾತ್ರೆ, ಕೀಟನಾಶಕದ ಬಾಟ್ಲಿ. ತೋಟೆ ಇಲ್ಲ ಸಾರ್."

"ಕೊಡಗಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಇನ್ಯಾವ ಊರಿನ ಪಟ್ಟಿಯಲ್ಲಿ ಇರಬೇಕು?" ಎಂದಳು ಬೋಜಮ್ಮ.

"ಅದು ಕಸದ ಗಾಡಿಗೆ ಹಾಕೂ ಸಾಮಾನಲ್ಲ, ಪೊಲೀಸರಿಗೆ ಕೊಡೂದು," ಎಂದರು ಕಲ್ಲೇಶಪ್ಪ. "ಆದ್ರ ಜನ ಸ್ಟೇಷನ್ನಿಗೆ ಬರಾಂಗಿಲ್ಲ, ಪಂಚಾಯ್ತಿಗೆ ಬರ್ತಾರ. ಒಂದು ದಿನ ಗೊತ್ತು ಮಾಡ್ರಿ. ಉಳಿದದ್ದೆಲ್ಲ ನೀವು ತಗೋರಿ. ಇದನ್ನ ತಗೊಳ್ಳಾಕ ನಾ ಒಂದು ಕುರ್ಚಿ ಹಾಕ್ಕೊಂಡು ಕೂರ್ತೀನಿ. ಕಾಗದ ಸರಿ ಇದ್ದವರಿಗೆ ರಸೀದಿ ಕೊಟ್ಟು ಕಳಸ್ತೀನಿ."

ಮೀಟಿಂಗ್‌ನಲ್ಲಿ ಇಬ್ಬರು ಸದಸ್ಯರು ಜೋರು ಮಾಡಿದರು. ಕೊನೆಗೆ ಆದ ತೀರ್ಮಾನ ಹೀಗೆ: ಬೋಜಮ್ಮನಿಗೆ ದಂಡ, ಮಾವಿನಕೊಲ್ಲಿ ಪಂಚಾಯತಿಯ ಹೊಸ ನಿಯಮದ ಮೊಟ್ಟಮೊದಲ ದಂಡ. ಪ್ರೇಮಾವತಿ ಸದ್ಯಕ್ಕೆ ಗಾಡಿ ಓಡಿಸಬಹುದು. ಆದರೆ ತಿಂಗಳ ಕೊನೆಯ ಶನಿವಾರ ಅಪಾಯಕಾರಿ ಕಸ ಸಂಗ್ರಹದ ದಿನ. ಅದು ಸರಿಯಾಗಿ ನಡೆದರೆ ಸರಿ. ಇಲ್ಲವಾದರೆ, ಇಂಥದ್ದು ಇನ್ನೊಂದು ಸಲ ಹಸಿರು ಬಕೆಟ್‌ನಲ್ಲಿ ಬರುವ ಮುಂಚೆ, ಗಾಡಿ ಬೇರೆಯವರ ಕೈಗೆ. ಜನ ತರದಿದ್ದರೆ ಅದಕ್ಕೆ ಪ್ರೇಮಾವತಿ ಏನು ಮಾಡಬೇಕು ಎಂದು ಬೋಜಮ್ಮ ಕೇಳಿದಳು. ಸದಸ್ಯರು ಮುಂದಿನ ವಿಷಯಕ್ಕೆ ಹೋದರು.

ಸಂಜೆ ಜಯಪ್ರಕಾಶ ಕೋವಿಯನ್ನು ಗೋಡೆಯಿಂದ ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಸ್ಟೇಷನ್ನಿಗೆ ಕೊಟ್ಟು ಬಂದ. ಎರಡು ದಿನ ತಾಯಿಯ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಮೂರನೆಯ ದಿನ ಎಸ್ಟೇಟಿನ ಗೋಡೌನ್‌ನಿಂದ ಎರಡು ಕಟ್ಟು ದಪ್ಪ ಕಾಗದದ ಚೀಟಿ ತಂದು ಅವಳ ಮುಂದೆ ಇಟ್ಟ. "ಕಾಫಿ ಮೂಟೆಗೆ ಕಟ್ಟೋದು. ದಾರ ಇದೆ. ನಿನಗೆ ಶನಿವಾರ ಬೇಕಾಗುತ್ತೆ ಅಂತ," ಎಂದು ಬಚ್ಚಲಿಗೆ ಹೋದ.

ಆ ಶನಿವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಪಂಚಾಯತಿಯ ಹಿಂದಿನ ಶೆಡ್ಡಿನಲ್ಲಿ ಎರಡು ಮೇಜು. ಒಂದರಲ್ಲಿ ಬೋಜಮ್ಮ, ಚೀಟಿ, ಮಾರ್ಕರ್ ಪೆನ್ನು. ಇನ್ನೊಂದರಲ್ಲಿ ಕಲ್ಲೇಶಪ್ಪ. ಪ್ರೇಮಾವತಿ ದಪ್ಪ ಕೈಗವಸು ಹಾಕಿ, ಡ್ರಮ್ಮುಗಳನ್ನು ಸಾಲಾಗಿ ಇಟ್ಟು ಎಂಟು ಗಂಟೆಗೇ ಸಿದ್ಧಳಿದ್ದಳು.

ಹತ್ತೂವರೆಯಾದರೂ ಬಂದದ್ದು ಒಂದು ಟ್ಯೂಬ್‌ಲೈಟ್. ಅದನ್ನು ತಂದವರು ಚಿದಾನಂದರೇ.

"ಸಮವಸ್ತ್ರ ನೋಡಿ ಹೆದರ್ತಾವ್ರೆ ಸಾರ್," ಎಂದರು ಚಿದಾನಂದ.

"ಮತ್ತ ನಾ ಏನು ಪಂಚೆ ಉಟ್ಟು ಬರಲೇನ್ರೀ?"

ಏನಾಗುತ್ತದೆಂದು ನೋಡಲು ಬಂದು ಜಗಲಿಯಲ್ಲಿ ನಿಂತಿದ್ದ ಪಂಚಾಯತಿ ಸದಸ್ಯರ ಕಡೆ ಪ್ರೇಮಾವತಿ ಒಮ್ಮೆ ನೋಡಿದಳು. ಕೈಗವಸು ತೆಗೆದು ಗಾಡಿ ಹತ್ತಿದಳು. ಗಾಡಿಯ ಮೈಕಿನಲ್ಲಿ ಯಾವಾಗಲೂ ರೆಕಾರ್ಡ್ ಮಾಡಿದ ಹಾಡು ಬರುತ್ತಿತ್ತು. ಅವತ್ತು ಹಾಡು ನಿಂತು ಅವಳ ದನಿಯೇ ಬಂತು. ಬೋಜಮ್ಮ ಶೆಡ್ಡಿನಲ್ಲಿ ಕೂತಲ್ಲಿಂದಲೇ ಕೇಳಿದಳು. ತಿರುವಿನಿಂದ ತಿರುವಿಗೆ ದನಿ ದೂರವಾಗುತ್ತಾ ಹೋಯಿತು.

"ನಾನು ಪ್ರೇಮಾವತಿ ಮಾತಾಡುದು. ನಿಮ್ಮ ಮನೆ ಕಸ ಎರಡು ವರ್ಷದಿಂದ ಎತ್ತಿದವಳು. ಯಾರ ಮನೆಯಲ್ಲಿ ಎಂತ ಇದೆ ನನಗೆ ಗೊತ್ತುಂಟು, ಆದ್ರೆ ನಾನು ಹೇಳುದಿಲ್ಲ. ನೀವೇ ತನ್ನಿ. ಮದ್ದಿನ ಕ್ಯಾನ್, ಬ್ಯಾಟರಿ, ಸೂಜಿ, ತೋಟೆ, ಎಂತ ಇದ್ರೂ ತನ್ನಿ. ಯಾರೂ ಬೈಯುದಿಲ್ಲ. ನನಗೆ ಕೈ ಎರಡೇ ಇರುದು."

ಮೊದಲು ಬಂದವಳು ರುದ್ರಮ್ಮ, ಲಿಂಗಾಯತರ ಮನೆಯ ಅಜ್ಜಿ. ತಲೆಯ ಮೇಲೆ ಕೀಟನಾಶಕದ ನೀಲಿ ಕ್ಯಾನ್. "ಇದ್ರಾಗೇ ಕುಡಿಯಾ ನೀರು ತುಂಬಿ ಮಡಗಿದ್ವಲ್ಲೇ ಬೋಜಕ್ಕ! ಸೋಪು ಹಾಕಿ ತೊಳ್ದಿದ್ದೆ. ತಪ್ಪಾ?" ಎಂದಳು. ತಪ್ಪು ಎಂದು ಬೋಜಮ್ಮ ಮೆಲ್ಲನೆ ಹೇಳಿ, ಕ್ಯಾನಿಗೆ ಚೀಟಿ ಕಟ್ಟಿದಳು. 'ಇದರಲ್ಲಿ ನೀರು ಕುಡಿಯಬಾರದು' ಎಂದು ಬರೆಯುವಾಗ ಅವಳ ಅಕ್ಷರ ಎಂದಿಗಿಂತ ದಪ್ಪವಾಗಿತ್ತು. ಆಮೇಲೆ ನಿವೃತ್ತ ಪೋಸ್ಟ್‌ಮ್ಯಾನ್ ಚೆನ್ನಯ್ಯ ಬಂದರು, ಚೀಲ ತುಂಬ ತೀರಿಹೋದ ಹೆಂಡತಿಯ ಮಾತ್ರೆಗಳು. ಒಂದೊಂದೇ ಪಟ್ಟಿ ತೆಗೆದು ಇಟ್ಟರು. ಬೋಜಮ್ಮ ಆತುರ ಮಾಡಲಿಲ್ಲ. ಖಾಲಿ ಚೀಲವನ್ನು ಅವರು ಮಡಚಿ ಜೇಬಿಗೆ ಹಾಕಿಕೊಳ್ಳುವ ತನಕ ಕಾದಳು.

ಹನ್ನೊಂದೂವರೆ ಹೊತ್ತಿಗೆ ಊರಿಗೆಲ್ಲ ಪಾಪಣ್ಣ ಎನಿಸಿಕೊಂಡ ಹಿರಿಯರು ಬಂದರು. ಎಂಬತ್ತು ದಾಟಿದವರು. ಮೇಜಿನ ಸುತ್ತ ಎರಡು ಸಲ ಸುತ್ತಿದರು, ಹವಾಮಾನ ವಿಚಾರಿಸಿದರು. ಕೊನೆಗೆ ಕೊಡೆಯನ್ನು ಕಲ್ಲೇಶಪ್ಪನವರ ಮೇಜಿನ ಮೇಲೆ ಬಗ್ಗಿಸಿದರು. ಮಡಿಕೆಗಳ ಒಳಗಿಂದ ಐದು ತೋಟೆ ಉರುಳಿದವು.

"ನನ್ನ ಹೆಂಡತಿಗೆ ಹೇಳಬೇಡಿ ಸಾಹೇಬ್ರೆ. ಮೂವತ್ತು ವರ್ಷದ ಹಿಂದೆ ಎಸೆದೆ ಅಂತ ಹೇಳಿದ್ದೆ."

ಕಲ್ಲೇಶಪ್ಪ ಗಂಭೀರವಾಗಿ, "ಪೊಲೀಸ್ ಇಲಾಖೆ ಇದನ್ನ ಗುಪ್ತವಾಗಿ ಇಡತೈತಿ," ಎಂದು ರಸೀದಿ ಹರಿದು ಕೊಟ್ಟರು.

ಅದಾದ ಮೇಲೆ ಜನ ಬಂದರು. ಒಬ್ಬರ ಹಿಂದೆ ಒಬ್ಬರು, ಆಮೇಲೆ ಗುಂಪಾಗಿ. ಅರ್ಧ ಪೇಂಟ್ ಇರುವ ಡಬ್ಬ, ಸೋರುವ ಇನ್ವರ್ಟರ್ ಬ್ಯಾಟರಿ, ಕಾಫಿ ಗಿಡದ ಕೊರಕ ಹುಳುವಿಗೆಂದು ಯಾರ ಅಜ್ಜನೋ ತಂದಿಟ್ಟ, ಈಗ ಮಾರುವುದೇ ಇಲ್ಲದ ಬಿಳಿ ಪುಡಿ. ಹೋಮ್‌ಸ್ಟೇಯವರು ಒಡೆದ ಬಾಟಲಿಗಳನ್ನು ತಂದು, ಗಾಜು ಈ ಪಟ್ಟಿಯಲ್ಲಿ ಬರುವುದಿಲ್ಲ ಎಂದು ಗೊತ್ತಾದಾಗ ಪೆಚ್ಚಾದರು. ಆದರೂ ಅದನ್ನು ದಪ್ಪ ರಟ್ಟಿನಲ್ಲಿ ಸುತ್ತಿದ್ದರು, ಮೇಲೆ ಏನೋ ಬರೆದಿದ್ದರು. ಪ್ರೇಮಾವತಿ ಓದಿ ಡ್ರಮ್ಮಿನ ಪಕ್ಕ ಇಟ್ಟಳು. ಜೋರು ಮಾಡಿದ್ದ ಸದಸ್ಯರಲ್ಲಿ ಒಬ್ಬರು ಸದ್ದಿಲ್ಲದೆ ಬಂದು ಕಲ್ಲೇಶಪ್ಪನವರ ಮೇಜಿನ ಎದುರಿನ ಸಾಲಿನಲ್ಲಿ ನಿಂತರು. ಅವರ ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬವಿತ್ತು.

ಎಲ್ಲ ಮುಗಿದಾಗ ಎರಡೂವರೆ. ನಾಲ್ಕು ಡ್ರಮ್ ತುಂಬಿದ್ದವು. ಕಲ್ಲೇಶಪ್ಪ ಎಣಿಸಿ ಸೀಲು ಮಾಡಿದ ತೋಟೆ ಮೂವತ್ತೆಂಟು. ನಿಮ್ಮ ಕೋವಿಯ ಕಾಗದ ಇನ್ನೂ ಮಡಿಕೇರಿಯಲ್ಲೇ ಇದೆ, ಸೋಮವಾರ ನಾನೇ ಹೋಗಿ ಕೇಳ್ತೀನಿ ಎಂದು ಬೋಜಮ್ಮನಿಗೆ ಹೇಳಿ ಜೀಪು ಹತ್ತಿದರು. ಚಿದಾನಂದ ಗಾಡಿಯ ಕೀಯನ್ನು ಕೈಯಲ್ಲಿ ತೂಗುತ್ತಾ ಬಂದು ಪ್ರೇಮಾವತಿಯ ಮುಂದೆ ಹಿಡಿದರು.

"ತಗಳಮ್ಮ. ಇನ್ಮೇಲೆ ದಿನಾ ಸಾಯಂಕಾಲ ಆಫೀಸಿಗೆ ತಂದು ಕೊಡದೇನೂ ಬ್ಯಾಡ. ನಿಮ್ಮತ್ರಾನೇ ಇರ್ಲಿ. ಮೆಂಬರ್‌ಗಳೂ ಒಪ್ಕಂಡವ್ರೆ. ಮೂರು ತಿಂಗಳಿಗೊಂದ್ಸಲ ಹಿಂಗೇ ಮಾಡಾನ ಅಂತವ್ರೆ."

ಪ್ರೇಮಾವತಿ ಕೀ ತೆಗೆದುಕೊಂಡಳು. ಕೋಟಿನ ಜೇಬಿಗೆ ಹಾಕಿ, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡಳು, ಅಷ್ಟೆ.

ಶೆಡ್ಡು ಖಾಲಿಯಾಯಿತು. ಬೋಜಮ್ಮನಿಗೆ ಏಳಲು ಆಗಲಿಲ್ಲ. ಬೆರಳುಗಳಲ್ಲಿ ಮಾರ್ಕರಿನ ಕಪ್ಪು, ಮೊಣಕಾಲಿನಲ್ಲಿ ನೋವು. ಚಿತ್ರಾ ಮೂರು ಗಂಟೆಗೆ ಗಾಡಿ ತರುತ್ತೇನೆ ಎಂದಿದ್ದಳು. ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ಬಾಯಿಗೆ ಏನೂ ಹಾಕಿಲ್ಲ ಎಂಬುದು ಈಗ ನೆನಪಾಯಿತು. ಉಳಿದ ಚೀಟಿಗಳನ್ನು ಜೋಡಿಸುತ್ತಾ ಕೂತಳು.

ಹಿಂದೆ ನಲ್ಲಿಯ ಸದ್ದು. ಪ್ರೇಮಾವತಿ ಕೈಗವಸು ಕಳಚಿ, ಸೋಪು ಹಾಕಿ, ಮೊಣಕೈವರೆಗೆ ಎರಡು ಸಲ ತಿಕ್ಕಿ ತೊಳೆದಳು. ತನ್ನ ಬುತ್ತಿ ಬಿಚ್ಚಿ, ಮುಚ್ಚಳವನ್ನೇ ತಟ್ಟೆ ಮಾಡಿ, ಕೆಂಪಕ್ಕಿ ಅನ್ನವನ್ನು ಎರಡು ಪಾಲು ಮಾಡಿದಳು. ದೊಡ್ಡ ಪಾಲಿನ ಮೇಲೆ ಎಳೆ ಬಿದಿರಿನ ಕಣಿಲೆ ಪಲ್ಯ ಹಾಕಿದಳು. ಮೇಜಿನ ಬಳಿ ಬಂದು ಚೀಟಿಗಳನ್ನು ಪಕ್ಕಕ್ಕೆ ಸರಿಸಿ, ಮುಚ್ಚಳವನ್ನು ಬೋಜಮ್ಮನ ಎರಡು ಕೈಗೂ ಕೊಟ್ಟಳು.